ಕಪ್ಪು ಪರದೆಯ ಮೂವತ್ತು ವರ್ಷ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವಾಗ ಎದುರಾಗುವ ತೊಂದರೆಗಳಲ್ಲಿ ಪರದೆಯ ತೊಂದರೆಯದೇ ಬೇರೆ ತೂಕ. ವೈ-ಫೈ ಹಿಡಿಯದಿದ್ದರೆ ಕೇಬಲ್ ಸಿಕ್ಕಿಸಬಹುದು. ಸ್ಪೀಕರಿನಲ್ಲಿ ಸದ್ದು ಬಾರದಿದ್ದರೆ ಆಮೇಲೆ ನೋಡಿಕೊಳ್ಳಬಹುದು. ಪರದೆಯೇ ಕಪ್ಪಾಗಿ ಕೂತರೆ, ಏನು ಕೆಟ್ಟಿದೆ ಎಂದು ಯಂತ್ರ ಹೇಳಿದರೂ ಓದುವುದಕ್ಕಾಗುವುದಿಲ್ಲ. ಪೆನ್‌ಡ್ರೈವಿನ ದೀಪ ಮಿನುಗುತ್ತದೆ, ಫ್ಯಾನು ತಿರುಗುತ್ತದೆ, ಒಳಗಡೆ ಇನ್‌ಸ್ಟಾಲರ್ ಸರಿಯಾಗಿಯೇ ಎದ್ದು ಯಾವ ಭಾಷೆ ಬೇಕೆಂದು ಕೇಳುತ್ತಿರುತ್ತದೆ. ಎದುರಿಗೆ ಕೂತವರಿಗೆ ಮಾತ್ರ ಏನೂ ಕಾಣುವುದಿಲ್ಲ.

ಈ ಕಪ್ಪು ಪರದೆಗೆ 30 ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಡ್ರೈವರ್, ಕರ್ನೆಲ್, ರೆಸೊಲ್ಯೂಷನ್ ಎಂಬ ಮಾತುಗಳೇ ಅದರಲ್ಲಿ ಹೆಚ್ಚು ಕೇಳಿಬರುತ್ತವೆ. ಆದರೆ ಉದ್ದಕ್ಕೂ ನಡೆದು ಬಂದ ಜಗ್ಗಾಟ ಒಂದೇ: ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವುದು ಹೇಗೆಂಬ ತಿಳಿವಳಿಕೆ ಯಾರ ಕೈಯಲ್ಲಿತ್ತು, ಅದನ್ನು ಯಾರು ಬಿಟ್ಟುಕೊಟ್ಟರು, ಬಿಟ್ಟುಕೊಡದಿದ್ದಾಗ ಯಾರು ಹೇಗೆ ಅದನ್ನು ದಕ್ಕಿಸಿಕೊಂಡರು ಎಂಬುದು.

ಲಿನಕ್ಸಿನಲ್ಲಿ ದಶಕಗಳ ಕಾಲ ಚಿತ್ರ ತೋರಿಸಿದ ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದನ್ನು ಕಟ್ಟಿದ್ದು ವಿಶ್ವವಿದ್ಯಾಲಯದ ವರ್ಕ್‌ಸ್ಟೇಷನ್‌ಗಳಿಗಾಗಿ. ಅಂಥ ಯಂತ್ರಗಳಲ್ಲಿ ಚಿಪ್ಪು, ಮಾನಿಟರ್, ಸಾಫ್ಟ್‌ವೇರ್ ಎಲ್ಲವೂ ಒಂದೇ ಕಡೆಯಿಂದ ಹೊಂದಿಸಿಕೊಂಡು ಬರುತ್ತಿದ್ದವು; ಬಳಸುವವರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಅದರ ಹನ್ನೊಂದನೆಯ ಆವೃತ್ತಿ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ವಿಜಿಎಯನ್ನು ಹೊರತಂದಿತ್ತು. ಅಡ್ಡಕ್ಕೆ 640 ಚುಕ್ಕಿ, ಕೆಳಕ್ಕೆ 480 ಸಾಲು, 16 ಬಣ್ಣ. ಪಿಸಿ ಲೋಕದಲ್ಲಿ ಬಹುತೇಕ ತಯಾರಕರು ಒಪ್ಪಿ ನಡೆದುಕೊಂಡ ಐಬಿಎಂನ ಕೊನೆಯ ಅಳತೆ ಅದು. ಅದರಿಂದ ಮೇಲಕ್ಕೆ ಹೋಗಬೇಕೆಂದರೆ ಒಂದೊಂದು ಕಂಪನಿಯ ಕಾರ್ಡಿನದು ಒಂದೊಂದು ದಾರಿ.

1991ರಲ್ಲಿ ಜರ್ಮನಿಯ ಥಾಮಸ್ ರೋಲ್ ಬರೆದ ಎಕ್ಸ್386 ಮೂಲಕ ಎಕ್ಸ್ ಸಾಮಾನ್ಯ ಪಿಸಿಗೆ ಇಳಿಯಿತು. ಮರುವರ್ಷ ಡೇವಿಡ್ ವೆಕ್ಸೆಲ್‌ಬ್ಲಾಟ್, ಡೇವಿಡ್ ಡಾಸ್, ಗ್ಲೆನ್ ಲಾಯ್, ಜಿಮ್ ಸಿಲಾಸ್ ಸೇರಿ ಅದನ್ನು ತಿದ್ದಿ ಬೆಳೆಸಲು ಹೊರಟರು. ಆ ಕೆಲಸವೇ ಎಕ್ಸ್‌ಫ್ರೀ86. ಓರೆಸ್ಟ್ ಝ್ಬೊರೊವ್‌ಸ್ಕಿ ಎಕ್ಸನ್ನು ಆಗಿನ್ನೂ ಎಳೆಯದಾಗಿದ್ದ ಲಿನಕ್ಸಿಗೆ ತಂದರು. ಗೊತ್ತಿರುವ ಯಂತ್ರಕ್ಕಾಗಿ ಬರೆದ ಸಾಫ್ಟ್‌ವೇರ್ ಹೀಗೆ ಒಮ್ಮೆಲೇ ಗುರುತು ಪರಿಚಯ ಇಲ್ಲದ ನೂರಾರು ಕಾರ್ಡುಗಳ, ಸಾವಿರಾರು ಮಾನಿಟರುಗಳ ನಡುವೆ ಬಂದು ನಿಂತಿತು. ಆ ಗುರುತು ಹೇಳುವ ಹೊಣೆ ಬಿದ್ದದ್ದು ಕೀಬೋರ್ಡಿನ ಮುಂದೆ ಕೂತ ಮನುಷ್ಯನ ಮೇಲೆ.

ಹೇಳುವುದೆಂದರೆ ಹೇಗೆ? ಕಾನ್ಫಿಗರೇಷನ್ ಕಡತದಲ್ಲಿ ‘ಮೋಡ್‌ಲೈನ್’ ಎಂಬ ಒಂದು ಸಾಲು ಬರೆದು. 1024 ಅಡ್ಡ, 768 ಸಾಲಿನ ಚಿತ್ರಕ್ಕೆ ಆಗ ಎಲ್ಲೆಲ್ಲೂ ಓಡಾಡುತ್ತಿದ್ದ ಸಾಲಿನಲ್ಲಿ ಮೊದಲ ಅಂಕಿ 65. ಸೆಕೆಂಡಿಗೆ 6.5 ಕೋಟಿ ಚುಕ್ಕಿಗಳನ್ನು ಕಾರ್ಡು ಮಾನಿಟರಿಗೆ ಕಳಿಸಬೇಕೆಂದು ಅದರ ಅರ್ಥ. ಆಮೇಲೆ ಅಡ್ಡ ಲೆಕ್ಕ: 1024, 1048, 1184, 1344. ಕಣ್ಣಿಗೆ ಕಾಣುವುದು 1024 ಚುಕ್ಕಿ; 1048ರಿಂದ 1184ರವರೆಗೆ ‘ಈ ಸಾಲು ಮುಗಿಯಿತು, ಹಿಂದಿರುಗು’ ಎನ್ನುವ ಸಂಕೇತ; ಎಲ್ಲ ಸೇರಿ ಒಂದು ಸಾಲಿಗೆ 1344 ಚುಕ್ಕಿಯಷ್ಟು ಹೊತ್ತು. ಹಾಗೆಯೇ ಕೆಳಮುಖದ ಲೆಕ್ಕ: 768, 771, 777, 806. ಗಾಜಿನ ಕೊಳವೆಯ ಹಳೆಯ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಬರೆದು ಮುಗಿಸಿ ಮತ್ತೆ ಎಡಗಡೆಗೆ ಬರಲು, ಕೊನೆಯ ಸಾಲಿನಿಂದ ಮೇಲಕ್ಕೆ ಹಾರಲು ಬೇಕಾದ ಬಿಡುವು ಈ ಹೆಚ್ಚುವರಿ ಅಂಕಿಗಳಲ್ಲಿ ಅಡಗಿರುತ್ತಿತ್ತು. 6.5 ಕೋಟಿಯನ್ನು 1344ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 48,363 ಸಾಲು. ಅದನ್ನು 806ರಿಂದ ಭಾಗಿಸಿದರೆ ಸೆಕೆಂಡಿಗೆ 60 ಚಿತ್ರ. ಮಾನಿಟರಿನ ಕೈಪಿಡಿಯಲ್ಲಿ ಆ ಸಾಲುಗಳ ವೇಗವನ್ನು, ಅಂದರೆ 48.4 ಕಿಲೋಹರ್ಟ್ಸನ್ನು, ತಡೆದುಕೊಳ್ಳುತ್ತದೆ ಎಂದಿದ್ದರೆ ಮಾತ್ರ ಆ ಸಾಲು ಬರೆಯಬೇಕು.

ಹೆಚ್ಚು ಬರೆದರೆ ಬರೀ ಚಿತ್ರ ಅಲುಗಾಡುವುದಷ್ಟೇ ಅಲ್ಲ, ಕೆಲವು ಹಳೆಯ ಮಾನಿಟರುಗಳು ಸುಟ್ಟೇ ಹೋಗಬಹುದಿತ್ತು. ಎರಿಕ್ ರೇಮಂಡ್ ಈ ಲೆಕ್ಕಗಳನ್ನು ವಿವರಿಸಿ ಬರೆದ ಮಾರ್ಗದರ್ಶಿ ಆ ಕಾಲದ ಲಿನಕ್ಸ್ ಬಳಕೆದಾರರ ನಿತ್ಯಪಾಠವಾಗಿತ್ತು. ಅದರಲ್ಲಿ ಈ ಎಚ್ಚರಿಕೆಯನ್ನು ಅವರು ಒತ್ತಿ ಹೇಳಿದ್ದರು. ಸಾಫ್ಟ್‌ವೇರಿನಲ್ಲಿ ಒಂದು ಅಂಕಿ ತಪ್ಪಿ ಬರೆದರೆ ಸಾಮಾನು ಹಾಳಾಗಬಹುದಾಗಿದ್ದ ದಿನಗಳು ಅವು. ಇನ್‌ಸ್ಟಾಲ್ ಮಾಡುವವರ ಧೈರ್ಯ ದೊಡ್ಡದು.

ಭಾರತದಲ್ಲಿ ಲಿನಕ್ಸ್ ಮನೆಮನೆಗೆ ತಲುಪಿದ್ದು ಅದೇ ಕಾಲದಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿತು. ಆ ಪ್ರಯತ್ನದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಡಯಲ್‌ಅಪ್ ಇಂಟರ್‌ನೆಟ್ಟಿನಲ್ಲಿ ಇಷ್ಟು ದೊಡ್ಡ ಕಡತ ಇಳಿಸಿಕೊಳ್ಳುವುದು ಯೋಚನೆಗೂ ಮೀರಿದ್ದಾಗ, ಪತ್ರಿಕೆಯ ಬೆಲೆಗೆ ಇಡೀ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಿಗೆ ಅದನ್ನು ಹಾಕಹೊರಟವರಿಗೆ ಮಾನಿಟರಿನ ಕೈಪಿಡಿ ಕಳೆದುಹೋಗಿದ್ದರೆ ಉಳಿಯುತ್ತಿದ್ದದ್ದು 640-480ರಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಏರುವ ದಾರಿ. ಮಾನಿಟರೇ ತನ್ನ ಶಕ್ತಿಯನ್ನು ಕಾರ್ಡಿಗೆ ಹೇಳಿಕೊಳ್ಳುವ ವ್ಯವಸ್ಥೆಯನ್ನು ವೆಸಾ ಸಂಸ್ಥೆ 1994ರಲ್ಲೇ ರೂಪಿಸಿತ್ತು. ಅದು ಎಲ್ಲ ಮಾನಿಟರುಗಳಿಗೆ ಬಂದು, ಎಲ್ಲ ಡ್ರೈವರುಗಳೂ ಅದನ್ನು ಕೇಳಲು ಕಲಿಯುವ ಹೊತ್ತಿಗೆ ವರ್ಷಗಳು ಉರುಳಿದವು.

ಲ್ಯಾಪ್‌ಟಾಪಿನ ಸಮಸ್ಯೆ ಇದಕ್ಕಿಂತ ಬಿಗಿಯಾದದ್ದು. ಡೆಸ್ಕ್‌ಟಾಪಿನಲ್ಲಿ ಕಾರ್ಡು ಒಗ್ಗದಿದ್ದರೆ ಬೇರೆ ಕಾರ್ಡು ಹಾಕಬಹುದು, ಮಾನಿಟರ್ ಬದಲಾಯಿಸಬಹುದು. ಲ್ಯಾಪ್‌ಟಾಪಿನಲ್ಲಿ ಚಿಪ್ಪು ಬೋರ್ಡಿಗೆ ಬೆಸೆದಿರುತ್ತದೆ, ಪರದೆ ಮುಚ್ಚಳಕ್ಕೆ ಅಂಟಿರುತ್ತದೆ. ಆ ಪರದೆಗೆ ಇರುವುದು ಒಂದೇ ಸಹಜ ಅಳತೆ. 800-600 ಚುಕ್ಕಿಯ ಎಲ್‌ಸಿಡಿಗೆ 640-480 ಕಳಿಸಿದರೆ ಸುತ್ತಲೂ ಕಪ್ಪು ಅಂಚು ಬಿಟ್ಟು ನಡುವೆ ಚಿಕ್ಕದಾದ ಚಿತ್ರ ನಿಲ್ಲುತ್ತಿತ್ತು. ಇನ್ನು ಎಫ್‌ಎನ್ ಕೀಲಿಯ ಜೊತೆ ಇನ್ನೊಂದು ಕೀಲಿ ಒತ್ತಿ ಹೊರಗಿನ ಮಾನಿಟರಿಗೆ ಚಿತ್ರ ಹಾಯಿಸುವುದು, ದೀಪದ ಬೆಳಕು ಏರಿಸಿ ಇಳಿಸುವುದು, ಮುಚ್ಚಳ ಮುಚ್ಚಿದಾಗ ಪರದೆ ಆರಿಸುವುದು: ಇವೆಲ್ಲ ತಯಾರಕರು ತಮಗೆ ತೋಚಿದಂತೆ, ಯಂತ್ರವನ್ನು ಎಬ್ಬಿಸುವ ಬಯಾಸಿನೊಳಗೆ ಹುದುಗಿಸಿಟ್ಟ ಕೆಲಸಗಳು.

1990ರ ದಶಕದ ಕೊನೆಯ ಲ್ಯಾಪ್‌ಟಾಪುಗಳಲ್ಲಿ ನಿಯೋಮ್ಯಾಜಿಕ್ ಚಿಪ್ಪು ತುಂಬ ಬಳಕೆಯಲ್ಲಿತ್ತು. ಅದರ ವಿವರಗಳನ್ನು ಕಂಪನಿ ಬಹಿರಂಗಪಡಿಸಿರಲಿಲ್ಲ. ವಿವರವಿಲ್ಲದೆ ಡ್ರೈವರಿಲ್ಲ, ಡ್ರೈವರಿಲ್ಲದೆ ಚಿತ್ರವಿಲ್ಲ. ರೆಡ್ ಹ್ಯಾಟ್ ಕಂಪನಿ ಪ್ರಿಸಿಷನ್ ಇನ್‌ಸೈಟ್ ಎಂಬ ಸಣ್ಣ ಸಂಸ್ಥೆಯ ಕೈಯಲ್ಲಿ ಡ್ರೈವರ್ ಬರೆಸಿ 1998ರಲ್ಲಿ ಹಂಚಿತು. ಮೊದಲು ಬಂದದ್ದು ಓಡಿಸಲು ಮಾತ್ರ ಆಗುವ, ಒಳಗೆ ಏನಿದೆಯೆಂದು ಓದಲಾಗದ ರೂಪ. ಆಮೇಲೆ ಮೂಲಸಂಕೇತವೂ ಎಕ್ಸ್‌ಫ್ರೀ86ಕ್ಕೆ ಸೇರಿತು. ಕಂಪನಿಯೊಂದರ ಮನವೊಲಿಸಿ ಮೊದಲು ಕೆಲಸ ನಡೆಸಿಕೊಂಡು, ಆಮೇಲೆ ಬಾಗಿಲನ್ನು ಇನ್ನಷ್ಟು ತೆರೆಸುವ ಈ ಮಾದರಿ ಮುಂದೆ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಯಾವುದೂ ಕೈಗೂಡದಾಗ ಒಂದು ಆಸರೆ ಇತ್ತು. ವಿಡಿಯೊ ಬಯಾಸಿನೊಳಗೆ ವೆಸಾ ಒಪ್ಪಿದ ಕೆಲವು ಅಳತೆಗಳ ಪಟ್ಟಿ ಇರುತ್ತಿತ್ತು. ಚಿಪ್ಪು ಯಾವುದೆಂದು ತಿಳಿಯದಿದ್ದರೂ ‘ಪಟ್ಟಿಯ ಇಷ್ಟನೆಯ ಅಳತೆ ಕೊಡು’ ಎಂದು ಬಯಾಸನ್ನು ಕೇಳಬಹುದಿತ್ತು. ಬೂಟ್ ಆಗುವಾಗ ‘ವಿಜಿಎ=791’ ಎಂದು ಟೈಪು ಮಾಡಿದರೆ 1024-768, ‘ವಿಜಿಎ=788’ ಎಂದರೆ 800-600. ಆ ಕಾಲದ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಓಡುವ ಲಿನಕ್ಸ್. ಅದರ ಮೊದಲ ಪರದೆಯಲ್ಲೇ ಇಂಥ ಗುಟ್ಟಿನ ಪದಗಳನ್ನು ಕೊಡಬಹುದಿತ್ತು; ‘ಎಕ್ಸ್‌ಮಾಡ್ಯೂಲ್=ವೆಸಾ’ ಎಂದರೆ ಚಿಪ್ಪಿನ ಗೊಡವೆಗೆ ಹೋಗದೆ ಬಯಾಸಿನ ಪಟ್ಟಿಯನ್ನೇ ನಂಬು ಎಂದರ್ಥ. ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ಸಿಡಿ ಹಾಕಿ ಚಿತ್ರ ಬರುತ್ತದೆಯೇ ಎಂದು ನೋಡುವುದು ಸುಲಭವಾಯಿತು. ವಿಂಡೋಸಿನಲ್ಲೂ ಇದೇ ಬಗೆಯ ಹಿಮ್ಮೆಟ್ಟುವ ಜಾಗ ಇತ್ತು. ವಿಂಡೋಸ್ 95ರ ಸೇಫ್ ಮೋಡ್ 640-480 ಮತ್ತು 16 ಬಣ್ಣಕ್ಕೆ ಇಳಿಯುತ್ತಿತ್ತು, ಅಂದರೆ 1987ರ ವಿಜಿಎಗೆ. ವ್ಯತ್ಯಾಸ ಇಷ್ಟೇ: ವಿಂಡೋಸಿಗೆ ಬೇಕಾದ ಡ್ರೈವರನ್ನು ಚಿಪ್ಪು ತಯಾರಿಸಿದವರೇ ಬರೆದು ಸಿಡಿಯಲ್ಲಿ ಕೊಡುತ್ತಿದ್ದರು.

ಬಯಾಸಿನ ಪಟ್ಟಿಯನ್ನೇ ನಂಬಿಕೊಂಡು ನಡೆದದ್ದಕ್ಕೆ ಬೆಲೆ ತೆರಬೇಕಾಗಿ ಬಂದದ್ದು 2000ದ ದಶಕದ ನಡುವೆ, ಅಗಲ ಪರದೆಯ ಲ್ಯಾಪ್‌ಟಾಪುಗಳು ಬಂದಾಗ. ಪರದೆ 1280-800. ಇಂಟೆಲ್‌ನ 855, 915 ಚಿಪ್‌ಸೆಟ್‌ಗಳಿದ್ದ ಎಷ್ಟೋ ಯಂತ್ರಗಳ ಬಯಾಸ್ ಪಟ್ಟಿಯಲ್ಲಿ ಆ ಅಳತೆಯೇ ಇರಲಿಲ್ಲ. ಇಂಟೆಲ್‌ನ ಆಗಿನ ಲಿನಕ್ಸ್ ಡ್ರೈವರ್ ಅಳತೆ ಹೊಂದಿಸಲು ಬಯಾಸನ್ನೇ ಕೇಳುತ್ತಿತ್ತು. ಪಟ್ಟಿಯಲ್ಲಿಲ್ಲದ್ದು ಸಿಗುವುದಾದರೂ ಹೇಗೆ? 1024-768ರ ಚಿತ್ರವನ್ನು ಅಡ್ಡಕ್ಕೆ ಎಳೆದು ತೋರಿಸುವುದೇ ಗತಿಯಾಯಿತು. ವೃತ್ತಗಳು ಮೊಟ್ಟೆಯಂತೆ, ಅಕ್ಷರಗಳು ಉಬ್ಬಿದಂತೆ ಕಾಣುತ್ತಿದ್ದವು.

ಇದಕ್ಕೆ ಅಲೆನ್ ಪೊಯಿರಿಯೆ ಕಂಡುಕೊಂಡ ಉಪಾಯ ಮೆಚ್ಚುವಂಥದ್ದು. ಕಂಪ್ಯೂಟರ್ ಶುರುವಾದಾಗ ವಿಡಿಯೊ ಬಯಾಸಿನ ಒಂದು ಪ್ರತಿ ಮೆಮೊರಿಯಲ್ಲಿ ಕೂರುತ್ತದೆ. 855ರೆಸೊಲ್ಯೂಷನ್ ಎಂಬ ಅವರ ಪುಟ್ಟ ಪ್ರೋಗ್ರಾಮು ಆ ಪ್ರತಿಯೊಳಗೆ ಹೊಕ್ಕು, ಪಟ್ಟಿಯಲ್ಲಿ ಯಾರಿಗೂ ಬೇಡವಾದ ಒಂದು ಅಳತೆಯನ್ನು ಅಳಿಸಿ ಅದರ ಜಾಗದಲ್ಲಿ 1280-800 ಎಂದು ಬರೆಯುತ್ತಿತ್ತು. ಎಕ್ಸ್ ಬಂದು ಕೇಳಿದಾಗ ಬಯಾಸ್ ಆ ಅಳತೆಯನ್ನು ತನ್ನದೇ ಎಂಬಂತೆ ಕೊಡುತ್ತಿತ್ತು. ಚಿಪ್ಪಿನ ಮೇಲೆ ಶಾಶ್ವತವಾಗಿ ಏನನ್ನೂ ಬರೆಯದ ಕಾರಣ ಅಪಾಯವಿರಲಿಲ್ಲ. ಆದರೆ ವಿದ್ಯುತ್ ಆರಿಸಿದರೆ ತಿದ್ದುಪಡಿಯೂ ಹೋಯಿತು, ಪ್ರತಿ ಸಲ ಬೂಟ್ ಆದಾಗಲೂ ಮತ್ತೆ ಓಡಿಸಬೇಕು. ಅದೇ ಜಾಡಿನಲ್ಲಿ 915ರೆಸೊಲ್ಯೂಷನ್ ಬಂತು. ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿದ ಎಷ್ಟೋ ಮಂದಿ ಆ ವರ್ಷಗಳಲ್ಲಿ ಮಾಡುತ್ತಿದ್ದ ಮೊದಲ ಕೆಲಸ ಇದನ್ನು ಹಾಕಿಕೊಳ್ಳುವುದು.

ಅಷ್ಟರಲ್ಲಿ ಎಕ್ಸ್‌ನ ಮನೆಯೊಳಗೇ ಬಿರುಕು ಬಿಟ್ಟಿತ್ತು. ಎಕ್ಸ್‌ಫ್ರೀ86 ತಂಡ 2003ರಲ್ಲಿ ಕೀತ್ ಪ್ಯಾಕರ್ಡ್ ಅವರನ್ನು ಮುಖ್ಯ ಗುಂಪಿನಿಂದ ಹೊರಗಿಟ್ಟಿತು. 2004ರಲ್ಲಿ ತನ್ನ ಪರವಾನಗಿಯನ್ನು ಬದಲಿಸಿತು. ಬಹುತೇಕ ಲಿನಕ್ಸ್ ವಿತರಣೆಗಳು ಅದನ್ನು ಬಿಟ್ಟು ಹೊಸದಾದ ಎಕ್ಸ್.ಆರ್ಗ್ ಕಡೆಗೆ ನಡೆದವು. 2004ರ ಏಪ್ರಿಲ್‌ನಲ್ಲಿ ಅದರ ಮೊದಲ ಆವೃತ್ತಿ ಹೊರಬಂತು. ಬರೀ ಬಣಜಗಳದಂತೆ ತೋರುವ ಈ ಬೆಳವಣಿಗೆಯಿಂದ ಲ್ಯಾಪ್‌ಟಾಪ್ ಬಳಕೆದಾರರಿಗೆ ನಿಜವಾದ ಲಾಭವಾಯಿತು. ನಿಂತ ನೀರಾಗಿದ್ದ ಕೆಲಸಕ್ಕೆ ಹೊಸ ಹರಿವು ಬಂತು. ಇಂಟೆಲ್ ಸೇರಿದ ಪ್ಯಾಕರ್ಡ್ ಮತ್ತು ಎರಿಕ್ ಆ್ಯನ್‌ಹೋಲ್ಟ್ ಮುಂತಾದವರು ಬಯಾಸನ್ನು ಕೇಳದೆ ಚಿಪ್ಪಿನೊಡನೆ ನೇರವಾಗಿ ಮಾತಾಡುವ ಡ್ರೈವರನ್ನು 2007ರಲ್ಲಿ ಕೊಟ್ಟರು. ಪ್ರೊಜೆಕ್ಟರ್ ಸಿಕ್ಕಿಸಿದ ಕೂಡಲೇ, ಎಕ್ಸನ್ನು ನಿಲ್ಲಿಸಿ ಮತ್ತೆ ಶುರುಮಾಡದೆ, ಪರದೆಯ ಅಳತೆ ಬದಲಿಸಲು ಆಗುವಂತಾದದ್ದೂ ಅದೇ ವರ್ಷ. ಬಯಾಸನ್ನು ತಿದ್ದುವ ಪುಟ್ಟ ಪ್ರೋಗ್ರಾಮುಗಳು ಸದ್ದಿಲ್ಲದೆ ನಿವೃತ್ತವಾದವು. 2007ರ ಅಕ್ಟೋಬರಿನ ಉಬುಂಟು 7.10ರಲ್ಲಿ, ಎಕ್ಸ್ ಏಳದಿದ್ದರೆ ಕಪ್ಪು ಪರದೆಗೆ ಬೀಳದೆ ಕಡಿಮೆ ಅಳತೆಯ ಸುರಕ್ಷಿತ ಚಿತ್ರ ತೋರಿಸಿ ‘ಏನು ಮಾಡೋಣ’ ಎಂದು ಕೇಳುವ ಏರ್ಪಾಡೂ ಬಂತು.

ಇನ್ನೊಂದು ಮಾತು ಬಾಕಿ ಇತ್ತು. ಪರದೆಯ ಅಳತೆ ಹೊಂದಿಸುವ ಕೆಲಸ ಎಕ್ಸ್ ಕೈಯಲ್ಲಿದ್ದಷ್ಟು ಕಾಲ, ಎಕ್ಸ್ ಬಿದ್ದರೆ ಪರದೆಯೂ ಬಿದ್ದಂತೆ. ಲಿನಕ್ಸಿನ ತಿರುಳಾದ ಕರ್ನೆಲ್ ಕುಸಿದರೂ ಅದರ ಕೊನೆಯ ಮಾತು ಪರದೆಯ ಮೇಲೆ ಬರುತ್ತಿರಲಿಲ್ಲ. ಜೆಸ್ಸಿ ಬಾರ್ನ್ಸ್, ಡೇವ್ ಏರ್ಲಿ ಮೊದಲಾದವರು ಆ ಕೆಲಸವನ್ನು ಕರ್ನೆಲ್ಲಿನೊಳಕ್ಕೆ ಒಯ್ದರು. 2009ರ ಮಾರ್ಚಿನ 2.6.29 ಕರ್ನೆಲ್ಲಿನಲ್ಲಿ ಇಂಟೆಲ್ ಚಿಪ್ಪುಗಳಿಗೆ ಇದು ಬಂತು, ಕೆಲವು ತಿಂಗಳಲ್ಲಿ ಎಎಂಡಿಯ ರೇಡಿಯಾನ್‌ಗೆ, 2010ರಲ್ಲಿ ಎನ್‌ವಿಡಿಯಾಕ್ಕೆ. ಬೂಟ್ ಆದ ಕ್ಷಣದಿಂದಲೇ ಪರದೆ ತನ್ನ ಸಹಜ ಅಳತೆಯಲ್ಲಿ ಬೆಳಗತೊಡಗಿತು. ಎಲ್ಲ ಸರಿಯಿದ್ದಾಗ.

ಸರಿಯಿಲ್ಲದಾಗ, ಮೊದಲೇ ಕತ್ತಲು. ಕರ್ನೆಲ್ ಚಿಪ್ಪನ್ನು ತಪ್ಪಾಗಿ ಹೊಂದಿಸಿದರೆ ಇನ್‌ಸ್ಟಾಲರ್‌ನ ಮೊದಲ ಪುಟವೂ ಕಾಣುವುದಿಲ್ಲ. ಅದಕ್ಕೆ ಬಂದ ಮದ್ದು ‘ನೋಮೋಡ್‌ಸೆಟ್’. ಇಂದಿಗೂ ಕೆಲಸ ನಡೆಯುವುದು ಹೀಗೆ: ಬೂಟ್ ಆಗುವಾಗ ಗ್ರಬ್ ಎಂಬ ಮೆನು ಬಂದ ಕೂಡಲೇ ‘ಇ’ ಕೀಲಿ ಒತ್ತಬೇಕು, ‘ಲಿನಕ್ಸ್’ ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ಈ ಪದ ಸೇರಿಸಬೇಕು, ಎಫ್10 ಒತ್ತಬೇಕು. ಕರ್ನೆಲ್ ಆಗ ಚಿಪ್ಪಿನ ತಂಟೆಗೆ ಹೋಗದೆ ಫರ್ಮ್‌ವೇರ್ ಬಿಟ್ಟುಕೊಟ್ಟ ಚಿತ್ರದಲ್ಲೇ ಮುಂದುವರಿಯುತ್ತದೆ. ಎಷ್ಟೋ ಮಂದಿ ಇನ್‌ಸ್ಟಾಲ್ ಮುಗಿದ ಮೇಲೂ ಅದನ್ನು ಹಾಗೇ ಬಿಟ್ಟು, ಮೌಸ್ ಎಳೆದರೆ ಚಿತ್ರ ತಡವರಿಸುತ್ತದೆ, ಬೆಳಕು ಏರಿಸಲಾಗುವುದಿಲ್ಲ ಎಂದು ಪರದಾಡುತ್ತಾರೆ. ಸರಿಯಾದ ಡ್ರೈವರ್ ಹಾಕುವವರೆಗೆ ಊರುಗೋಲಾಗಿ ಬಳಸಲು ಮಾಡಿದ್ದು ಅದು. ಹಾಕಿದ ಮೇಲೆ ತೆಗೆಯಲೇಬೇಕು.

ಸರಿಯಾದ ಡ್ರೈವರ್ ಎಲ್ಲಿಂದ ಬರಬೇಕು ಎಂಬಲ್ಲಿಗೆ ಮಾತು ಮತ್ತೆ ತಿಳಿವಳಿಕೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ರೇಡಿಯಾನ್ ಚಿಪ್ಪುಗಳ ಎಟಿಐಯನ್ನು 2006ರಲ್ಲಿ ಕೊಂಡ ಎಎಂಡಿ, 2007ರ ಸೆಪ್ಟೆಂಬರಿನಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸುವುದಾಗಿ ಹೇಳಿ, ಹಾಗೆಯೇ ನಡೆದುಕೊಂಡಿತು. ಎನ್‌ವಿಡಿಯಾ ಹಾಗೆ ಮಾಡಲಿಲ್ಲ. ಅದು ಕೊಡುತ್ತಿದ್ದದ್ದು ಒಳಗೆ ಇಣುಕಲಾಗದ ಸಿದ್ಧ ಡ್ರೈವರ್. ಸ್ಟೆಫಾನ್ ಮಾರ್ಶೆಸಾಂ ಶುರುಮಾಡಿದ ನೂವೊ ಯೋಜನೆಯವರು ಆ ಡ್ರೈವರ್ ಓಡುವಾಗ ಚಿಪ್ಪಿಗೆ ಯಾವ ಯಾವ ಸಂದೇಶ ಕಳಿಸುತ್ತದೆ ಎಂದು ಹೊರಗಿನಿಂದ ಗಮನಿಸಿ, ಒಂದೊಂದೇ ರಿಜಿಸ್ಟರಿನ ಅರ್ಥ ಬಿಡಿಸಿ, ತಮ್ಮದೇ ಡ್ರೈವರ್ ಬರೆದರು. ಹಾಗೆ ಕದ್ದು ಕೇಳಲೆಂದೇ ಕಟ್ಟಿದ ಉಪಕರಣ 2008ರಲ್ಲಿ ಕರ್ನೆಲ್ಲಿನ ಭಾಗವಾಯಿತು. ಸಂಬಳವಿಲ್ಲದೆ, ದಾಖಲೆಯಿಲ್ಲದೆ ಇಂಥ ಕೆಲಸಕ್ಕೆ ವರ್ಷಗಟ್ಟಲೆ ಕೂತವರ ಋಣ, ಇಂದು ಎನ್‌ವಿಡಿಯಾ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲರ್‌ನ ಮೊದಲ ಪುಟ ಕಾಣುವ ಪ್ರತಿಯೊಬ್ಬರ ಮೇಲೂ ಇದೆ.

2010ರ ಫೆಬ್ರುವರಿಯಲ್ಲಿ ಎನ್‌ವಿಡಿಯಾ ಆಪ್ಟಿಮಸ್ ಬಂದಾಗ ಗಂಟು ಇನ್ನೂ ಬಿಗಿಯಾಯಿತು. ಬ್ಯಾಟರಿ ಉಳಿಸಲು ಲ್ಯಾಪ್‌ಟಾಪಿನಲ್ಲಿ ಎರಡು ಚಿಪ್ಪು. ಪರದೆಯ ತಂತಿ ಹೋಗುವುದು ಇಂಟೆಲ್ ಚಿಪ್ಪಿಗೆ. ಭಾರಿ ಕೆಲಸ ಬಂದಾಗ ಎನ್‌ವಿಡಿಯಾ ಚಿತ್ರ ಬಿಡಿಸಿ ಇಂಟೆಲ್‌ನ ಮೆಮೊರಿಗೆ ಸುರಿಯುತ್ತದೆ, ಇಂಟೆಲ್ ಅದನ್ನು ಪರದೆಗೆ ಕಳಿಸುತ್ತದೆ. ವಿಂಡೋಸಿನಲ್ಲಿ ಇದು ಸಲೀಸು. ಲಿನಕ್ಸಿನಲ್ಲಿ ಎನ್‌ವಿಡಿಯಾದ ಡ್ರೈವರ್ ಹಾಕಿದರೆ ಅದು ತನಗೆ ಅಂಟಿದ ಪರದೆ ಎಲ್ಲಿದೆ ಎಂದು ಹುಡುಕುತ್ತಿತ್ತು, ಸಿಗದೆ ಕೈ ಎತ್ತಿಬಿಡುತ್ತಿತ್ತು. ಚೆನ್ನಾಗಿ ಓಡುತ್ತಿದ್ದ ಲ್ಯಾಪ್‌ಟಾಪ್ ‘ಒಳ್ಳೆಯ ಡ್ರೈವರ್’ ಹಾಕಿದ ಮೇಲೆ ಕಪ್ಪಾಗುತ್ತಿದ್ದದ್ದು ಹೀಗೆ.

2011ರಲ್ಲಿ ಮಾರ್ಟಿನ್ ಯೂಲ್ ಶುರುಮಾಡಿದ ಬಂಬಲ್‌ಬೀ ಈ ಗಂಟನ್ನು ಸುತ್ತಿ ಬಳಸಿ ಬಿಡಿಸಿತು: ಕಣ್ಣಿಗೆ ಕಾಣದ ಎರಡನೆಯ ಎಕ್ಸ್ ಒಂದನ್ನು ಎನ್‌ವಿಡಿಯಾ ಮೇಲೆ ಓಡಿಸಿ, ಅಲ್ಲಿ ಮೂಡಿದ ಚಿತ್ರವನ್ನು ಇಂಟೆಲ್ ಕಡೆಗೆ ನಕಲು ಮಾಡುವುದು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಆಗಿಹೋದ ಒಂದು ಅನಾಹುತ ಲಿನಕ್ಸ್ ವಲಯದಲ್ಲಿ ಇಂದಿಗೂ ನೆನಪಿದೆ. ಎನ್‌ವಿಡಿಯಾದ ಒಂದು ಒಳಫೋಲ್ಡರನ್ನು ಅಳಿಸಬೇಕಿದ್ದ ಆಜ್ಞೆಯಲ್ಲಿ ‘/ಯುಎಸ್‌ಆರ್’ ಆದಮೇಲೆ ಒಂದು ಖಾಲಿ ಜಾಗ ನುಸುಳಿತ್ತು. ಆಜ್ಞೆಗೆ ಅದು ಎರಡು ಬೇರೆ ಬೇರೆ ಹೆಸರಾಗಿ ಕಂಡಿತು. ಯಂತ್ರದ ಬಹುಪಾಲು ಪ್ರೋಗ್ರಾಮುಗಳಿರುವ ಇಡೀ ‘/ಯುಎಸ್‌ಆರ್’ ಅಳಿಸಿಹೋಯಿತು. ಪರದೆ ಸರಿಮಾಡಲು ಹೊರಟವರ ಯಂತ್ರವೇ ಬರಿದಾಯಿತು. ತಪ್ಪನ್ನು ಬೇಗ ತಿದ್ದಲಾಯಿತು. ತಯಾರಕರು ಬೆನ್ನು ತಿರುಗಿಸಿದಾಗ ಬಳಕೆದಾರರೇ ಅವಸರದಲ್ಲಿ ಸಲಕರಣೆ ಕಟ್ಟಿಕೊಳ್ಳಬೇಕಾಗಿ ಬಂದದ್ದರ ನಷ್ಟವೂ ಇದರಲ್ಲಿ ಸೇರಿದೆ. 2012ರ ಜೂನ್‌ನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಆಪ್ಟಿಮಸ್ ಲ್ಯಾಪ್‌ಟಾಪಿನ ಗೋಳನ್ನು ಸಭಿಕರೊಬ್ಬರು ತೋಡಿಕೊಂಡಾಗ, ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ಬೆರಳು ತೋರಿಸಿ ಎನ್‌ವಿಡಿಯಾವನ್ನು ಬೈದದ್ದು ಜಗತ್ತಿಗೆಲ್ಲ ಗೊತ್ತಾಯಿತು. ಡೇವ್ ಏರ್ಲಿ 2010ರಿಂದ ಬೆಳೆಸುತ್ತಿದ್ದ ಪ್ರೈಮ್ ಎಂಬ ಸರಿಯಾದ ಪರಿಹಾರ 2012ರ ಸೆಪ್ಟೆಂಬರಿನ ಎಕ್ಸ್ ಸರ್ವರ್ ಸೇರಿತು. ಎನ್‌ವಿಡಿಯಾದ ಸ್ವಂತ ಡ್ರೈವರ್, ಕೆಲಸವನ್ನು ಎರಡನೆಯ ಚಿಪ್ಪಿಗೆ ವಹಿಸುವ ಆ ಹಾದಿಗೆ ಸರಿಯಾಗಿ ಬಂದು ಸೇರಿದ್ದು 2019ರಲ್ಲಿ.

ಇಂಟೆಲ್ ಕೂಡ ಒಮ್ಮೆ ಕೈಕೊಟ್ಟಿತ್ತು. 2008ರ ಆಸುಪಾಸಿನ ಕೆಲವು ನೆಟ್‌ಬುಕ್‌ಗಳಲ್ಲಿದ್ದ ಜಿಎಂಎ 500 ಹೆಸರಿಗೆ ಇಂಟೆಲ್‌ನದು, ಒಳಗಿದ್ದದ್ದು ಇಮ್ಯಾಜಿನೇಷನ್ ಕಂಪನಿಯ ಪವರ್‌ವಿಆರ್. ಇಂಟೆಲ್ ಎಂದು ನಂಬಿ ಕೊಂಡವರ 1366-768 ಪರದೆಯ ಮೇಲೆ ಒಡೆದ ಚಿತ್ರ. ಕೊನೆಗೆ ಅಲನ್ ಕಾಕ್ಸ್ ಕೂತು ಡ್ರೈವರನ್ನು ತಿದ್ದಿ ಬರೆದು 2011ರಲ್ಲಿ ಕರ್ನೆಲ್ಲಿಗೆ ತಂದರು. ವೇಗ ಬರಲಿಲ್ಲ, ಪರದೆಯ ಸರಿಯಾದ ಅಳತೆ ಬಂತು. ಬೆಂಗಳೂರಿನ ಲಿನಕ್ಸ್ ಬಳಗಕ್ಕೆ ಕಾಕ್ಸ್ ಪರಿಚಿತರು. 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಶುರುವಾಗಿ 2005ರಲ್ಲಿ ಫಾಸ್.ಇನ್ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನಕ್ಕೆ ಅವರು ಆ ವರ್ಷ ಬಂದು ಮಾತಾಡಿದ್ದರು.

ಕಪ್ಪು ಪರದೆಗಳಲ್ಲಿ ಒಂದು ಬಗೆಯದು ನಿಜಕ್ಕೂ ಕಪ್ಪಲ್ಲ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಇನ್‌ಸ್ಟಾಲರ್‌ನ ಪೆಟ್ಟಿಗೆಗಳು, ಮೌಸಿನ ಬಾಣ ಮಸುಕಾಗಿ ಕಾಣುತ್ತವೆ. ಎಲ್‌ಸಿಡಿ ಚಿತ್ರ ಬರೆಯುತ್ತಿದೆ, ಹಿಂದಿನ ದೀಪ ಮಾತ್ರ ಹತ್ತಿಲ್ಲ. ಹಾಗಿದ್ದರೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ, ದೀಪ ಯಾರ ಹಿಡಿತದಲ್ಲಿದೆ ಎಂದು ನೋಡಬೇಕು. 2012ರ ಕೊನೆಯಲ್ಲಿ ಇದು ದೊಡ್ಡ ಪಿಡುಗಾಯಿತು. ವಿಂಡೋಸ್ 8 ಬಂದ ಮೇಲೆ ದೀಪವನ್ನು ಗ್ರಾಫಿಕ್ಸ್ ಡ್ರೈವರೇ ನೋಡಿಕೊಳ್ಳತೊಡಗಿತು. ಫರ್ಮ್‌ವೇರ್‌ನ ಹಳೆಯ ದಾರಿಯನ್ನು ಯಾರೂ ಬಳಸದ ಕಾರಣ ತಯಾರಕರು ಅದನ್ನು ಪರೀಕ್ಷಿಸುವುದನ್ನೇ ಬಿಟ್ಟರು. ಲಿನಕ್ಸ್ ಇನ್ನೂ ಆ ಹಳೆಯ ದಾರಿಯಲ್ಲೇ ನಡೆಯುತ್ತಿತ್ತು. ‘ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್’ ಎಂಬ ಸಾಲು ಆ ಕಾಲದಲ್ಲಿ ನೋಮೋಡ್‌ಸೆಟ್‌ನಷ್ಟೇ ಬಳಕೆಯಾಯಿತು. ಒಂದೇ ಪರದೆಗೆ ಎರಡು ಮೂರು ದೀಪದ ಗುಂಡಿಗಳು ಕಾಣಿಸಿಕೊಳ್ಳುವ ಗೊಂದಲವನ್ನು ರೆಡ್ ಹ್ಯಾಟ್‌ನ ಹಾನ್ಸ್ ಡೆ ಗುಡೆ ಒಂದು ತಹಬಂದಿಗೆ ತಂದದ್ದು 2022ರ ಕೊನೆಯ 6.1 ಕರ್ನೆಲ್ಲಿನಲ್ಲಿ.

ಅದೇ 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನೆಲ್ ಡ್ರೈವರಿನ ಮೂಲಸಂಕೇತವನ್ನು ತೆರೆದಿಟ್ಟಿತು, ಟ್ಯೂರಿಂಗ್ ಮತ್ತು ಆಮೇಲಿನ ಚಿಪ್ಪುಗಳಿಗೆ ಮಾತ್ರ. ಅದಕ್ಕಿಂತ ಹಿಂದಿನವರಿಗೆ ಹಳೆಯ ಪಾಡೇ. 2014ರಿಂದಾಚೆಗೆ ಎನ್‌ವಿಡಿಯಾ ತನ್ನ ಸಹಿ ಇಲ್ಲದ ಫರ್ಮ್‌ವೇರನ್ನು ಚಿಪ್ಪು ಒಪ್ಪದಂತೆ ಮಾಡಿದ್ದರಿಂದ ನೂವೊ ಆ ಚಿಪ್ಪುಗಳನ್ನು ಪೂರ್ತಿ ವೇಗಕ್ಕೆ ಏರಿಸಲಾರದೆ ಹೋಗಿತ್ತು. ಆ್ಯಪಲ್‌ನ ಎಂ1 ಲ್ಯಾಪ್‌ಟಾಪಿಗೆ ಲಿನಕ್ಸ್ ತಂದ ಅಸಾಹಿ ತಂಡಕ್ಕೂ ಯಾವ ದಾಖಲೆಯೂ ಸಿಗಲಿಲ್ಲ. ಹೆಕ್ಟರ್ ಮಾರ್ಟಿನ್ ಮತ್ತು ಸಂಗಡಿಗರು ಮ್ಯಾಕ್‌ಓಎಸ್ ಅನ್ನೇ ತಮ್ಮ ಪುಟ್ಟ ಹೈಪರ್‌ವೈಸರಿನೊಳಗೆ ಕೂರಿಸಿ, ಅದು ಚಿಪ್ಪಿನೊಡನೆ ಆಡುವ ಮಾತನ್ನು ಕೇಳಿಸಿಕೊಂಡರು. 2022ರ ಮಾರ್ಚಿನಲ್ಲಿ ಮೊದಲ ಆವೃತ್ತಿ ಬಂದಾಗ ಡೆಸ್ಕ್‌ಟಾಪಿನ ಚಿತ್ರವನ್ನೆಲ್ಲ ಸಿಪಿಯು ಒಂದೇ ಬಿಡಿಸುತ್ತಿತ್ತು. ಡಿಸೆಂಬರಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಬಂತು.

ಕನ್ನಡದಲ್ಲೇ ಇನ್‌ಸ್ಟಾಲ್ ಮಾಡಬೇಕೆನ್ನುವವರಿಗೆ ಈ ಚರಿತ್ರೆಯಲ್ಲಿ ಒಂದು ಹೆಚ್ಚಿನ ತೊಡಕಿದೆ. ಚಿತ್ರ ಕೈಕೊಟ್ಟಾಗ ಇಂಗ್ಲಿಷ್ ಬಳಕೆದಾರರು ಬರೀ ಅಕ್ಷರಗಳ ಕನ್ಸೋಲಿಗೆ ಇಳಿದು ಕೆಲಸ ಮುಂದುವರಿಸಬಹುದು. ಆ ಕನ್ಸೋಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ 512 ಅಕ್ಷರರೂಪ, ಒಂದೊಂದೂ ಒಂದೇ ಅಗಲದ ಚೌಕದಲ್ಲಿ. ಒತ್ತಕ್ಷರ ಕೆಳಗೆ ಇಳಿಯಲು, ಗುಣಿತ ಅಕ್ಷರಕ್ಕೆ ಕೂಡಿಕೊಳ್ಳಲು ಅಲ್ಲಿ ಜಾಗವಿಲ್ಲ. ಹಾಗಾಗಿ ಡೆಬಿಯನ್ ಲಿನಕ್ಸ್ 2007ರ ಏಪ್ರಿಲ್‌ನಲ್ಲಿ ತನ್ನ 4.0 ಆವೃತ್ತಿಯಲ್ಲಿ ಚಿತ್ರರೂಪದ ಇನ್‌ಸ್ಟಾಲರ್ ತಂದಾಗ, ಅದರ ದೊಡ್ಡ ಲಾಭ ಸಿಕ್ಕಿದ್ದು ಭಾರತೀಯ ಲಿಪಿಗಳಂಥ ಕೂಡಕ್ಷರದ ಲಿಪಿಗಳಿಗೆ. 2011ರ ಫೆಬ್ರುವರಿಯ 6.0 ಆವೃತ್ತಿಯಲ್ಲಿ ಕನ್ನಡ ಆ ಇನ್‌ಸ್ಟಾಲರಿಗೆ ಸೇರಿತು, ಲಾವೊ, ಸಿಂಹಳ, ತೆಲುಗಿನ ಜೊತೆ. ಅಕ್ಷರಕನ್ಸೋಲಿನ ಇನ್‌ಸ್ಟಾಲರಿನಲ್ಲಿ ಅದು ಇಲ್ಲ. ಪರದೆಯ ಚಿತ್ರವ್ಯವಸ್ಥೆ ಎದ್ದರೆ ಕನ್ನಡ ಉಂಟು, ಏಳದಿದ್ದರೆ ಇಂಗ್ಲಿಷೇ ಗತಿ.

ಈ ತೊಡಕು ಇತ್ತೀಚೆಗೆ ಸಾಕಷ್ಟು ಸಡಿಲವಾಗಿದೆ. ಹಳೆಯ ಬಯಾಸಿನ ಜಾಗಕ್ಕೆ ಬಂದ ಯುಇಎಫ್‌ಐ, ಕರ್ನೆಲ್ ಏಳುವ ಮುನ್ನವೇ ಪರದೆಯನ್ನು ಚಿತ್ರದ ಸ್ಥಿತಿಗೆ ತಂದು, ಚಿತ್ರ ಬರೆಯಬಹುದಾದ ಮೆಮೊರಿಯ ವಿಳಾಸವನ್ನು ಕೈಗೆ ಕೊಡುತ್ತದೆ. ಲ್ಯಾಪ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ಪರದೆಯ ಸಹಜ ಅಳತೆಯಲ್ಲೇ ಇರುತ್ತದೆ. 2021ರ 5.14 ಕರ್ನೆಲ್ಲಿನಲ್ಲಿ ಬಂದ ಸಿಂಪಲ್‌ಡಿಆರ್‌ಎಂ ಎಂಬ ಪುಟ್ಟ ಡ್ರೈವರ್ ಆ ಮೆಮೊರಿಯನ್ನು ಉಳಿದ ಡ್ರೈವರುಗಳಂತೆಯೇ ಬಳಸಲು ದಾರಿ ಮಾಡಿತು. ಚಿಪ್ಪು ಯಾವುದೆಂದು ಲಿನಕ್ಸಿಗೆ ಗೊತ್ತಿಲ್ಲದಿದ್ದರೂ, ನೋಮೋಡ್‌ಸೆಟ್ ಎಂದು ಬರೆದು ಬೂಟ್ ಮಾಡಿದರೂ, ಇಂಥ ಯಂತ್ರದಲ್ಲಿ ಡೆಬಿಯನ್‌ನ ಚಿತ್ರರೂಪದ ಇನ್‌ಸ್ಟಾಲರ್ ಏಳುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿಕೊಂಡರೆ ಡಿಸ್ಕ್ ವಿಭಜನೆಯಿಂದ ಹಿಡಿದು ಗುಪ್ತಪದದವರೆಗೆ ಎಲ್ಲ ಪ್ರಶ್ನೆಗಳನ್ನೂ ಒತ್ತಕ್ಷರ ಸಮೇತ ಓದಿಕೊಂಡು ಉತ್ತರಿಸಬಹುದು. ಎನ್‌ವಿಡಿಯಾದ ಡ್ರೈವರ್ ಹಾಕುವುದು, ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅದಕ್ಕೆ ಕೀಲಿ ನೋಂದಾಯಿಸುವುದು, ಇವೆಲ್ಲ ಮೊದಲ ರೀಬೂಟ್ ಆದಮೇಲಿನ ಕೆಲಸ.